ಶನಿವಾರ ಬಿಟ್ಟು ಅಷ್ಟಮಿ ಹಿಡಿದೆ: ಗೋವಾದಲ್ಲಿ ನನ್ನ ಡೈವ್ ಟ್ರಿಪ್

ದೋಣಿಯಲ್ಲಿ ಜನರನ್ನು ಸ್ಕೂಬಾ ಡೈವ್‌ಗೆ ಕರೆದೊಯ್ಯುವುದು ನನ್ನ ಕೆಲಸ. ಗೋವಾದ ನೀರು ಕೆಸರು, ಇಲ್ಲಿ ಮೂರು ದಿನದ ಡೈವ್ ಟ್ರಿಪ್ ನಡೆಯುವುದಿಲ್ಲ ಎಂದವರೇ ಜಾಸ್ತಿ. ಡೈವ್ ಬೇಕಾದವರು ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋಗಲಿ, ನೀನು ಅರ್ಧ ದಿನ ಗ್ರಾಂಡೆ ದ್ವೀಪ ತೋರಿಸಿ ಕಳಿಸು ಎಂದು ವಾಸ್ಕೊದ ನಮ್ಮ ಕನ್ನಡದ ಹುಡುಗರೇ ಹೇಳುತ್ತಿದ್ದರು. ಈ ಸೀಸನ್‌ನಲ್ಲಿ ನನ್ನ ದೋಣಿ ಗ್ರಾಂಡೆ, ದಕ್ಷಿಣ ಗೋವಾದ ಬೇತುಲ್, ಪಾಲೊಲೆಮ್ ಎಂದು ತುಂಬಿಕೊಂಡೇ ಓಡಿತು.

ಮೊದಲ ಸೀಸನ್ ಪೂರ್ತಿ ಏಜೆಂಟ್ ಪಟ್ಟು ಹಿಡಿದ ಹಾಗೆ ಶನಿವಾರ, ಭಾನುವಾರವೇ ಟ್ರಿಪ್. ಶನಿವಾರ ಹುಣ್ಣಿಮೆಯ ಆಸುಪಾಸು ಬಿದ್ದರೆ ಮುಗಿಯಿತು. ನೀರಿನ ಸೆಳೆತಕ್ಕೆ ತಳದ ಹೂಳೆಲ್ಲ ಎದ್ದು, ಗ್ರಾಂಡೆ ಬಳಿ ಮುಳುಗಿರುವ ಹಡಗು ಸೂಜೀಸ್ ರೆಕ್ ಹತ್ತಿರ ಕೈ ಚಾಚಿದರೆ ನಮ್ಮ ಬೆರಳೇ ನಮಗೆ ಕಾಣುತ್ತಿರಲಿಲ್ಲ. ಬೆಂಗಳೂರಿನ ಒಂದು ಗುಂಪಿಗೆ ಅರ್ಧ ದುಡ್ಡು ವಾಪಸ್ ಕೊಟ್ಟೆ. ಡೀಸೆಲ್, ಸಿಲಿಂಡರ್ ಫಿಲ್ಲಿಂಗ್, ಇನ್‌ಸ್ಟ್ರಕ್ಟರ್ ಸಂಬಳ ಸೇರಿ ಅದೊಂದರಲ್ಲೇ 40 ಸಾವಿರದ ಹತ್ತಿರ ಕೈಬಿಟ್ಟಿತು. ಸೀಸನ್ ಮುಗಿಯುವಾಗ ಸಾಲ ಮೂರು ಲಕ್ಷದ ಮೇಲೆ. ಏಜೆಂಟ್ ಮಾತ್ರ ಕಮಿಷನ್ ಮೊದಲೇ ಹಿಡಿದುಕೊಂಡಿದ್ದ.

ಆಮೇಲೆ ವಾರ ಬಿಟ್ಟು ತಿಥಿ ಹಿಡಿದೆ. ಅಷ್ಟಮಿ ಕಳೆದ ಎರಡು ಮೂರು ದಿನ ಉಬ್ಬರ-ಇಳಿತ ಸಣ್ಣದು, ಹೂಳು ಕೂರುತ್ತದೆ. ಅದು ಮಂಗಳವಾರ ಬಂದರೂ ಸರಿ, ಅವತ್ತೇ ಹೊರಡುವುದು. ರಜೆ ಹಾಕಿ ಯಾರು ಬರುತ್ತಾರೆ ಎಂದು ಕೇಳಿದರು. ಹುಬ್ಬಳ್ಳಿ, ಬೆಳಗಾವಿಯಿಂದಲೇ ಬಂದರು. ವಾರದ ನಡುವೆ ರೂಮ್ ಬಾಡಿಗೆಯೂ ಕಡಿಮೆ ಅಲ್ವಾ. ನೀರು ಐದಾರು ಮೀಟರ್ ತಿಳಿಯಾಗಿ ಸಿಕ್ಕಿತು, ಕೆಲವು ದಿನ ಬೆಳಗ್ಗೆ ಎಂಟು ಮೀಟರ್.

ಎರಡು ಬೆಳಗ್ಗೆ ಗ್ರಾಂಡೆಯಲ್ಲಿ ಡೈವ್. ಹತ್ತೂವರೆಗೆ ಎಲ್ಲರೂ ದೋಣಿ ಮೇಲಿರಬೇಕು, ಮಧ್ಯಾಹ್ನ ವಾಯವ್ಯದ ಗಾಳಿ ಏಳುತ್ತದೆ. ಆ ಗಾಳಿಯಲ್ಲಿ ತೆರೆದ ಬೀಚಿಗೆ ಡಿಂಗಿ (ಸಣ್ಣ ದೋಣಿ) ಬಿಟ್ಟರೆ ಅಲೆ ಮಗುಚಿ ಹಾಕುತ್ತದೆ. ಅದಕ್ಕೇ ಬೇತುಲ್. ಸಾಳ್ ನದಿಯ ಬಾಯಿಯೊಳಗೆ ಆರಾಮಾಗಿ ಇಳಿಸಬಹುದು, ಊಟಕ್ಕೆ ಅಲ್ಲಿಯದೇ ನೀಲಿಕಲ್ಲು ಚಿಪ್ಪು. ಮೂರನೇ ದಿನ ಡೈವ್ ಇಲ್ಲ, ವಿಮಾನ ಹತ್ತುವವರಿಗೆ ಕೊನೆಯ ಡೈವ್ ಆದ ಮೇಲೆ 18 ಗಂಟೆಯಾದರೂ ಬಿಡುವು ಬೇಕು. ಅವತ್ತು ಪಾಲೊಲೆಮ್. ಅಷ್ಟಮಿ ಹಿಡಿದರೆ ಅಲ್ಲಿ ಒಂದು ಕಷ್ಟ: ನೀರು ಪೂರ್ತಿ ಇಳಿಯುವುದಿಲ್ಲ. ಪಕ್ಕದ ಕಾಣಕೋಣ ದ್ವೀಪಕ್ಕೆ ನಡೆದು ದಾಟುವ ಆಸೆ ಬಿಟ್ಟು ಡಿಂಗಿಯಲ್ಲೇ ಒಯ್ಯಬೇಕು.

ಈ ನಡುವೆ ಮಾಸ್ಕ್ ಮಂಜಾಗದಂತೆ ಅಂಟುವಾಳದ ನೀರನ್ನೂ ಹಚ್ಚಿ ನೋಡಿದೆ. ಗಾಜು ಫಳಫಳ ಆಯಿತು, ಆದರೆ ಕಣ್ಣು ಉರಿದು ನೀರು ಸುರಿಯಿತು. ಮಕ್ಕಳ ಶಾಂಪೂವೇ ವಾಸಿ. ತಿಂಡಿಗೆ ಇಡ್ಲಿ-ಸಾಂಬಾರ್ ನಿಲ್ಲಿಸಿ ಒಣ ಅವಲಕ್ಕಿ, ಶುಂಠಿ ಕೊಟ್ಟ ಮೇಲೆ ವಾಂತಿಯೂ ಕಡಿಮೆಯಾಯಿತು.

ತಲೆಗೆ 14 ಸಾವಿರದಂತೆ ತೆಗೆದುಕೊಳ್ಳುತ್ತೇನೆ, ಎಂಟು ಜನ ಆದರೆ ಖರ್ಚು ಕಳೆದು 35 ಸಾವಿರದಷ್ಟು ಉಳಿಯುತ್ತದೆ. ಸಾಲ ತೀರಿತು. ರೆಕ್ ಪಕ್ಕ ಲಂಗರು ಎಲ್ಲಿ, ಯಾವ ಗುರುತು ನೋಡಿ ಹಾಕುತ್ತೇನೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.