ಬಿಸಿಯಾದ ಮೇಲೆ ಮಾತ್ರ ಮಿಸ್ ಹೊಡೆಯುತ್ತಿದ್ದ ಪಿಕಪ್

ನಮ್ಮ ಪಿಕಪ್‌ಗೆ 18 ವರ್ಷ ಆಗಿದೆ. ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್, ಹಳೇ ಕಾಲದ ಪಂಪ್, ಪಂಪಿನಿಂದ ಒಂದೊಂದು ನಾಜಲ್‌ಗೂ (ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಭಾಗ) ಒಂದೊಂದು ಪೈಪ್. ಕಂಪ್ಯೂಟರ್ ಇಲ್ಲ. ಮುಳಬಾಗಿಲ ಹತ್ತಿರದ ನಮ್ಮ ತೋಟದಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಬಾಕ್ಸ್ ಹೊರುವುದೇ ಅದರ ಕೆಲಸ.

ಟೊಮೆಟೊ ಜೋರಾಗಿ ಬರುತ್ತಿದ್ದ ದಿನಗಳಲ್ಲೇ ಗಾಡಿ ಮಿಸ್ ಹೊಡೆಯೋಕೆ, ಅಂದರೆ ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಎಂಜಿನ್ ಕುಂಟೋಕೆ, ಶುರುವಾಯಿತು. ಮಾರ್ಕೆಟ್ ಗೇಟಿನ ಸಾಲಿನಲ್ಲಿ ನಿಂತಾಗ ಕ್ಯಾಬಿನ್ ಪೂರ್ತಿ ನಡುಗುತ್ತಿತ್ತು. ಸೈಲೆನ್ಸರಿನಿಂದ ಬಿಳಿ ಹೊಗೆ. ಲೋಡ್ ಇದ್ದಾಗ ಏರಿನಲ್ಲಿ ಎಳೆಯುವ ಶಕ್ತಿ ಇಲ್ಲವೇ ಇಲ್ಲ. ಬೆಳಿಗ್ಗೆ ಮನೆ ಮುಂದೆ ಸ್ಟಾರ್ಟ್ ಮಾಡಿದಾಗ ಮಾತ್ರ ಚೆನ್ನಾಗೇ ಇರುತ್ತಿತ್ತು. ಎಲ್ಲಾ ಗುಟ್ಟು ಅಲ್ಲೇ ಇತ್ತು. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಮೊದಲು ಡೀಸೆಲ್ ಕಡೆ ನೋಡಿದೆ. ಫಿಲ್ಟರ್ ಕೆಳಗಿನ ಸ್ಕ್ರೂ ಬಿಚ್ಚಿ ನೀರು ಇಳಿಸಿದೆ, ಎರಡೂ ಫಿಲ್ಟರ್ ಹೊಸದು ಹಾಕಿದೆ, ಕೈಪಂಪ್ ಒತ್ತಿ ಏರ್ ತೆಗೆದೆ. ಏನೂ ಬದಲಾಗಲಿಲ್ಲ. ಮೆಕ್ಯಾನಿಕ್ ಒಬ್ಬರು ಶಬ್ದ ಕೇಳಿ, "ಪಂಪ್ ಬಿಚ್ಚಲೇಬೇಕು ಅಣ್ಣಾ" ಅಂದರು. ಪಂಪ್ ಕೆಟ್ಟಿದೆ ಅಂತ ಗೊತ್ತಾಗದೆ ಅದನ್ನು ಬಿಚ್ಚಿಸೋಕೆ ನನಗೆ ಮನಸ್ಸು ಬರಲಿಲ್ಲ. ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅನ್ನೋದು ಮೊದಲು ಗೊತ್ತಾಗಬೇಕು ಅಲ್ವಾ?

ಅದಕ್ಕೆ ಹಳೇ ದಾರಿ ಒಂದಿದೆ. ತಮ್ಮನನ್ನು ಕ್ಯಾಬಿನ್‌ನಲ್ಲಿ ಕೂರಿಸಿ, ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ನಾಜಲ್ ಹತ್ತಿರದ ಪೈಪ್ ನಟ್ಟನ್ನು 17ರ ಸ್ಪ್ಯಾನರ್‌ನಲ್ಲಿ ಅರ್ಧ ಸುತ್ತು ಸಡಿಲಿಸಿದೆ. ಸರಿಯಿರುವ ಸಿಲಿಂಡರ್ ಆದರೆ ಎಂಜಿನ್ ಕೂಡಲೇ ಕುಂಟುತ್ತದೆ. ಸತ್ತ ಸಿಲಿಂಡರ್ ಆದರೆ ಶಬ್ದ ಬದಲಾಗುವುದೇ ಇಲ್ಲ. ನಟ್ಟಿನ ಮೇಲೆ ದಪ್ಪ ಬಟ್ಟೆ ಸುತ್ತಿರಬೇಕು. ಬರಿಗೈ ಅಡ್ಡ ಇಡಲೇಬಾರದು. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ. ಬಿಸಿ ಎಕ್ಸಾಸ್ಟ್ ಮೇಲೆ ಚೆಲ್ಲಿದರೆ ಬೆಂಕಿ ಹತ್ತಬಹುದು. ಇನ್ನೊಂದು ಮಾತು: ಹೊಸ ಕಾಮನ್ ರೈಲ್ (ಎಲ್ಲಾ ನಾಜಲ್‌ಗೂ ಒಂದೇ ಪೈಪಿನಿಂದ ಭಾರಿ ಒತ್ತಡದ ಡೀಸೆಲ್ ಹೋಗುವ) ಗಾಡಿಗಳಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಅಲ್ಲಿ ಒತ್ತಡ 1000 ಬಾರ್ ದಾಟಬಹುದು, ಜೀವಕ್ಕೇ ಅಪಾಯ.

ಬೆಳಿಗ್ಗೆ ಆರಕ್ಕೆ ಹೀಗೆ ನೋಡಿದರೆ ನಾಲ್ಕೂ ಸಿಲಿಂಡರ್ ಸರಿಯಾಗಿವೆ! ಒಂದೊಂದು ನಟ್ ಸಡಿಲಿಸಿದಾಗಲೂ ಎಂಜಿನ್ ಕುಂಟಿತು. ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ತಮ್ಮನೇ ಕೇಳಿದ: "ಅಣ್ಣಾ, ಈಗ ಮಿಸ್ ಹೊಡೀತಾನೇ ಇಲ್ವಲ್ಲ, ಏನು ಹುಡುಕ್ತಾ ಇದ್ದೀಯ?" ನಿಜ. ತಣ್ಣಗಿದ್ದ ಎಂಜಿನ್‌ನಲ್ಲಿ ಇಲ್ಲದ ರೋಗವನ್ನು ಹುಡುಕುತ್ತಿದ್ದೆ. ಕೋಲಾರಕ್ಕೆ ಹೋಗಿ ಬಂದು, ಎಂಜಿನ್ ಬಿಸಿಯಿರುವಾಗಲೇ ಮತ್ತೆ ಶುರು ಮಾಡಿದೆ. ಒಂದು, ಎರಡು, ನಾಲ್ಕು ಕುಂಟಿದವು. ಮೂರನೆಯದನ್ನು ಸಡಿಲಿಸಿದರೆ ಶಬ್ದ ಹಾಗೇ ಇತ್ತು. ಡೀಸೆಲ್ ಮಾತ್ರ ಆ ಪೈಪಿನಿಂದಲೂ ಜೋರಾಗೇ ಚಿಮ್ಮುತ್ತಿತ್ತು. ಅಂದರೆ ಪಂಪ್ ತನ್ನ ಕೆಲಸ ಮಾಡುತ್ತಿದೆ.

ಎಂಜಿನ್ ಆರಿದ ಮೇಲೆ ಎರಡನೇ ಮತ್ತು ಮೂರನೇ ನಾಜಲ್ ಅದಲು ಬದಲು ಮಾಡಿದೆ, ಕೆಳಗೆ ಹೊಸ ತಾಮ್ರದ ವಾಷರ್ ಹಾಕಿ. ತಪ್ಪು ನಾಜಲ್‌ನದ್ದಾಗಿದ್ದರೆ ಮಿಸ್ ಎರಡನೆಯದಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಮೂರರಲ್ಲೇ ಉಳಿಯಿತು. ಇನ್ನು ಉಳಿದದ್ದು ಕಂಪ್ರೆಶನ್ ಒಂದೇ. ಡೀಸೆಲ್ ಎಂಜಿನ್‌ಗೆ ಪ್ಲಗ್ ಕಿಡಿ ಇಲ್ಲ, ಗಾಳಿಯನ್ನು ಅಮುಕಿದಾಗ ಬರುವ ಬಿಸಿಗೇ ಡೀಸೆಲ್ ಉರಿಯಬೇಕು. ಗಾಳಿ ಸೋರಿದರೆ ಡೀಸೆಲ್ ಉರಿಯದೆ ಬಿಳಿ ಹೊಗೆಯಾಗಿ ಹೊರಗೆ ಹೋಗುತ್ತದೆ. ಪಿಸ್ಟನ್ ಸುತ್ತ ಗಾಳಿ ತಡೆಯುವ ರಿಂಗ್ ಸವೆದಿದ್ದರೆ ತಣ್ಣಗಿದ್ದಾಗ ಜಾಸ್ತಿ ತೊಂದರೆ ಆಗಬೇಕು. ಇಲ್ಲಿ ಉಲ್ಟಾ. ಹಾಗಾಗಿ ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಗೆ ಬಿಡುವ ವಾಲ್ವ್ ಮೇಲೆ ಅನುಮಾನ ಬಂತು.

ಮಾರನೇ ದಿನ ತಣ್ಣಗಿರುವಾಗ ಟ್ಯಾಪೆಟ್ ಕವರ್ (ಎಂಜಿನ್ ಮೇಲೆ ವಾಲ್ವ್‌ಗಳನ್ನು ಮುಚ್ಚಿರುವ ಮುಚ್ಚಳ) ಬಿಚ್ಚಿದೆ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-3-4-2. ಎರಡನೇ ಸಿಲಿಂಡರಿನ ವಾಲ್ವ್‌ಗಳು ರಾಕಿಂಗ್‌ನಲ್ಲಿರುವಂತೆ (ಒಂದು ಮುಚ್ಚುತ್ತಾ ಇನ್ನೊಂದು ತೆರೆಯುವಾಗ) ಎಂಜಿನ್ ತಿರುಗಿಸಿದರೆ ಮೂರನೆಯದರ ಎರಡೂ ವಾಲ್ವ್ ಮುಚ್ಚಿರುತ್ತವೆ, ಆಗ ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಗ್ಯಾಪ್ ನೋಡಿದೆ. ಎಕ್ಸಾಸ್ಟ್ ವಾಲ್ವ್‌ನಲ್ಲಿ 0.30 ಮಿಲಿಮೀಟರ್ ಗ್ಯಾಪ್ ಇರಬೇಕಿತ್ತು. ಗ್ಯಾಪ್ ಅಳೆಯುವ ಫೀಲರ್ ಗೇಜಿನ 0.05ರ ತೆಳು ಎಲೆಯೇ ಕಷ್ಟಪಟ್ಟು ಒಳಗೆ ಹೋಯಿತು. ವಾಲ್ವ್ ಬಿಸಿಗೆ ಉದ್ದವಾಗುತ್ತದೆ. ಇಷ್ಟು ಸಣ್ಣ ಗ್ಯಾಪ್ ಅಲ್ಲಿಗೆ ಮುಗಿದೇ ಹೋಗಿ, ವಾಲ್ವ್ ತನ್ನ ಸೀಟಿನ (ಮುಚ್ಚಿದಾಗ ಅದು ಕೂರುವ ಬಳೆ) ಮೇಲೆ ಪೂರ್ತಿ ಕೂರುವುದೇ ಇಲ್ಲ, ಗಾಳಿ ಸೋರುತ್ತದೆ. ಲಾಕ್ ನಟ್ ಸಡಿಲಿಸಿ 0.30ಕ್ಕೆ ಇಟ್ಟೆ. ಉಳಿದ ವಾಲ್ವ್‌ಗಳನ್ನೂ ನೋಡಿದೆ, ಅವೆಲ್ಲ ಸರಿಯಾಗಿದ್ದವು. ಹೊಸ ಪ್ಯಾಕಿಂಗ್ ಹಾಕಿ ಕವರ್ ಮುಚ್ಚಿದೆ.

ಆ ರಾತ್ರಿ 15 ಕೆಜಿಯ 80 ಬಾಕ್ಸ್ ಹೇರಿಕೊಂಡು ಕೋಲಾರಕ್ಕೆ ಹೋದೆವು. ಗೇಟಿನ ಸಾಲಿನಲ್ಲಿ ಮುಕ್ಕಾಲು ಗಂಟೆ ಎಂಜಿನ್ ಆನ್ ಇಟ್ಟೇ ನಿಂತಿದ್ದೆ, ಸುಮ್ನೆ ಶಬ್ದ ಕೇಳೋಕೆ. ಒಂದು ಸಲವೂ ತಪ್ಪಲಿಲ್ಲ. ತುಂಬಾ ಖುಷಿಯಾಯಿತು.

ಆದರೆ ಗ್ಯಾಪ್ ತಾನಾಗಿ ಕಮ್ಮಿಯಾಗಿದೆ ಅಂದರೆ ವಾಲ್ವ್ ಸೀಟಿನೊಳಗೆ ಇಳಿಯುತ್ತಿದೆ ಅಂತಲೇ ಅರ್ಥ. ಮೂರು ತಿಂಗಳು ಬಿಟ್ಟು ಮೊನ್ನೆ ಅಳೆದೆ. 0.30 ಇದ್ದದ್ದು 0.20ಕ್ಕೆ ಬಂದಿದೆ. ಮತ್ತೆ ಸರಿ ಮಾಡಿಟ್ಟಿದ್ದೇನೆ. ಈ ಬೆಳೆ ಮುಗಿದ ಮೇಲೆ ವಾಲ್ವ್‌ಗಳಿರುವ ಎಂಜಿನ್ ಮೇಲ್ಭಾಗ, ಅಂದರೆ ಹೆಡ್, ಇಳಿಸಿ, ಆ ಸೀಟ್ ಬದಲಾಯಿಸಬೇಕು.