ಮೂಲೆ ಕುಸಿದ ಕಾಂಕ್ರೀಟ್ ಬೆಡ್ ಸರಿಯಾಗಿದ್ದು ಹೀಗೆ

ತೋಟದ ಶೆಡ್‌ಗೆ ಹಾಕಿದ 3 ಮೀಟರ್ × 2 ಮೀಟರ್ ಬೆಡ್ ಒಂದೇ ಮಳೆಗಾಲಕ್ಕೆ ಅಡ್ಡ ಬಿರುಕು ಬಿಟ್ಟಿತು. ಒಂದು ಮೂಲೆ ಎರಡು ಬೆರಳು ಕೆಳಗೆ ಹೋಯಿತು. ಬಿರುಕಿಗೆ ಸಿಮೆಂಟ್ ಹಾಲು ಸುರಿದೆ, ನಿಲ್ಲಲಿಲ್ಲ. ಮೇಲೆ ತೆಳುವಾಗಿ ಗಾರೆ ಹಾಕಿದೆ, ಅದು ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಸುಮ್ನೆ ದುಡ್ಡು ದಂಡ.

ಒಡೆದು ನೋಡಿದರೆ ಕೆಳಗೆ ಮೆತ್ತನೆ ಕಪ್ಪು ಮಣ್ಣು, ಬೇರು. ತಪ್ಪು ಅಲ್ಲೇ ಇತ್ತು.

ಈ ಸಲ ಬೇರು ಸಮೇತ ಮಣ್ಣು ತೆಗೆದು 17 ಸೆಂ.ಮೀ. ಅಗೆದೆ, ತಳಕ್ಕೆ ನೀರು ಚಿಮುಕಿಸಿ ಕಾಲಿಟ್ಟರೆ ಹೆಜ್ಜೆ ಗುರುತು ಮೂಡದಷ್ಟು ದಮ್ಮಸು ಹೊಡೆದೆ. ಒಡೆದ ಹಳೇ ಕಾಂಕ್ರೀಟ್ ಚೂರು ಮತ್ತು ಜಲ್ಲಿಯನ್ನು 5 ಸೆಂ.ಮೀ.ನಂತೆ ಎರಡು ಪದರ ಹಾಕಿ, ಪ್ರತಿ ಪದರಕ್ಕೂ ಬೇರೆ ಬೇರೆಯಾಗಿ ದಮ್ಮಸು. ಹಳೇ ಚೂರಿನಿಂದ ಜಲ್ಲಿ ಖರ್ಚೂ ಉಳಿಯಿತು. ಮೇಲೆ ಪ್ಲಾಸ್ಟಿಕ್ ಹಾಳೆ, ಆಮೇಲೆ 10 ಸೆಂ.ಮೀ. ಕಾಂಕ್ರೀಟ್.

ಲೆಕ್ಕ: 3×2×0.1, ಅಂದರೆ 0.6 ಘನ ಮೀಟರ್. 1:1.5:3 (ಸಿಮೆಂಟ್:ಮರಳು:ಜಲ್ಲಿ) ಮಿಶ್ರಣಕ್ಕೆ 50 ಕೆಜಿಯ 5 ಮೂಟೆ ಸಿಮೆಂಟ್ ಹಿಡಿಯಿತು. ಮೂಟೆಗೆ 25 ಲೀಟರ್‌ಗಿಂತ ಜಾಸ್ತಿ ನೀರು ಬೇಡ, ಕಲಸೋದು ಕಷ್ಟ ಅನ್ನಿಸಿದರೂ ಸುರಿಯಬೇಡಿ. 7 ದಿನ ಒದ್ದೆ ಗೋಣಿಚೀಲ ಹೊದಿಸಿಟ್ಟೆ. ಎರಡು ಮಳೆಗಾಲ ಕಳೆದಿದೆ, ಮಟ್ಟಗೋಲಿನ ಗುಳ್ಳೆ ಕದಲಿಲ್ಲ.