ಟೈಗರ್ ಮಾತ್, ಹಾರ್ವರ್ಡ್, ಆಮೇಲೆ ಸ್ಪಿಟ್‌ಫೈರ್: ನನ್ನ ಅನುಭವ

ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನಲ್ಲಿ ಹಾರಿ ಬಂದೆ ಅಂದ ತಕ್ಷಣ ಎಲ್ರೂ ಕೇಳೋದು ದುಡ್ಡೆಷ್ಟಾಯ್ತು ಅಂತ, ಹಾಗಾಗಿ ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಇಂಗ್ಲೆಂಡ್‌ನಲ್ಲಿ ಎರಡು ಸೀಟಿನ ಸ್ಪಿಟ್‌ಫೈರ್‌ನಲ್ಲಿ ಅರ್ಧ ಗಂಟೆಗೆ ನಾನು ಹೋದಾಗ ಹತ್ತಿರ ಹತ್ತಿರ ಮೂರು ಸಾವಿರ ಪೌಂಡ್ ಇತ್ತು. ಮನೇಲಿ ಹೇಳ್ದಾಗ "ಅಷ್ಟು ದುಡ್ಡಿಗೆ ಒಂದು ಸೆಕೆಂಡ್ ಹ್ಯಾಂಡ್ ಕಾರೇ ಬರುತ್ತಲ್ರೀ" ಅಂದ್ಳು ಹೆಂಡ್ತಿ. ನಾನು ವಾದಕ್ಕೆ ಹೋಗ್ಲಿಲ್ಲ, ಅವಳು ಹೇಳಿದ್ದು ನಿಜಾನೇ. ಎರಡು ವರ್ಷ ಕೂಡಿಟ್ಟೆ.

ಆದ್ರೆ ನಾನು ಸೀದಾ ಸ್ಪಿಟ್‌ಫೈರ್ ಹತ್ಲಿಲ್ಲ, ಇದನ್ನ ಬರೀತಿರೋದೇ ಅದಕ್ಕೆ. ಯುದ್ಧದ ಕಾಲದಲ್ಲಿ ಪೈಲಟ್ ಆಗೋ ಹುಡುಗರು ಮೊದ್ಲು ಟೈಗರ್ ಮಾತ್ ಅನ್ನೋ ಹಗುರ ತರಬೇತಿ ವಿಮಾನ, ಆಮೇಲೆ ಇನ್ನೂ ಜೋರಿರೋ ತರಬೇತಿ ವಿಮಾನ ಹಾರ್ವರ್ಡ್ ಅಥವಾ ಮೈಲ್ಸ್ ಮಾಸ್ಟರ್, ಅದಾದ್ಮೇಲೆ ಸ್ಪಿಟ್‌ಫೈರ್, ಹೀಗೆ ಮೆಟ್ಟಿಲು ಹತ್ತಿ ಬರ್ತಿದ್ರು. ಕೊನೇ ಮೆಟ್ಟಿಲಲ್ಲಿ ಮೇಷ್ಟ್ರು ಇರ್ತಿರ್ಲಿಲ್ಲ. ಎರಡು ಸೀಟಿನ ಸ್ಪಿಟ್‌ಫೈರ್ ಟ್ರೇನರ್ ಬಂದಿದ್ದು ಯುದ್ಧ ಮುಗಿದ ಮೇಲೆ, 1951ರಲ್ಲಿ ಐರ್ಲೆಂಡ್ ಆರು ತಗೊಂಡಿತ್ತು, ಈಗ ನಮ್ಮಂಥವರನ್ನ ಕೂರಿಸಿಕೊಂಡು ಹಾರೋ ವಿಮಾನಗಳಲ್ಲಿ ಕೆಲವು ಅವೇ, ಉಳಿದವು ಒಂದೇ ಸೀಟಿನದನ್ನ ಈಚೆಗೆ ಬದಲಾಯಿಸಿದವು. ಅಂದ್ರೆ 1940ರ ಹುಡುಗನಿಗೆ ಸ್ಪಿಟ್‌ಫೈರ್‌ನ ಮೊದಲ ಹಾರಾಟಾನೇ ಒಬ್ಬನೇ. ಪೈಲಟ್ಸ್ ನೋಟ್ಸ್ ಅನ್ನೋ ಸಣ್ಣ ಪುಸ್ತಕ ಓದ್ಕೊಂಡು, ಕಾಕ್‌ಪಿಟ್‌ನಲ್ಲಿ ಕಣ್ಣು ಮುಚ್ಚಿ ಯಾವ ಲಿವರ್ ಎಲ್ಲಿದೆ ಅಂತ ತಡಕಾಡಿ ಕಲಿತು, ಹೊರಟ. ನಂಗೆ ಲೈಸೆನ್ಸ್ ಇಲ್ಲ, ಅಷ್ಟು ಧೈರ್ಯಾನೂ ಇಲ್ಲ, ಕನಿಷ್ಠ ಆ ಮೆಟ್ಟಿಲನ್ನಾದ್ರೂ ಹತ್ತೋಣ ಅನ್ನಿಸ್ತು.

ಟೈಗರ್ ಮಾತ್ ಹತ್ತಿದ್ದು ಇಂಗ್ಲೆಂಡ್‌ನ ಡಕ್ಸ್‌ಫರ್ಡ್ ಏರ್‌ಫೀಲ್ಡ್‌ನಲ್ಲಿ. 1938ರ ಆಗಸ್ಟ್‌ನಲ್ಲಿ ಬ್ರಿಟನ್‌ನ ವಾಯುಪಡೆ ಆರ್‌ಎಎಫ್‌ಗೆ ಮೊದಲ ಸ್ಪಿಟ್‌ಫೈರ್ ಬಂದಿದ್ದು ಅಲ್ಲಿದ್ದ 19ನೇ ಸ್ಕ್ವಾಡ್ರನ್‌ಗೆ, ಹಾಗಾಗಿ ಜಾಗ ಚೆನ್ನಾಗೇ ಸಿಕ್ತು. ಟೈಗರ್ ಮಾತ್ ಅಂದ್ರೆ ಮರ, ಬಟ್ಟೆ, ತಂತಿ ಮತ್ತು 130 ಹಾರ್ಸ್‌ಪವರ್. ತಲೆ ಮೇಲೆ ಏನೂ ಇಲ್ಲ, ಬ್ರೇಕೂ ಇಲ್ಲ. ಕಾರ್ ಸ್ಟೀರಿಂಗ್ ಥರ ಕೈಯಲ್ಲಿರೋ ಸ್ಟಿಕ್ ತಿರುಗಿಸಿದ್ರೆ ಸಾಕು ಅಂದ್ಕೊಂಡಿದ್ದೆ, ಸ್ಟಿಕ್ ಬಲಕ್ಕೆ ಒತ್ತಿದ್ರೆ ರೆಕ್ಕೆ ಬಲಕ್ಕೆ ವಾಲ್ತು ಮೂತಿ ಮಾತ್ರ ಎಡಕ್ಕೆ ಹೋಯ್ತು, ಒಂದು ಕೆನ್ನೆಗೆ ತಣ್ಣಗೆ ಗಾಳಿ ಹೊಡೀತು. ಕಾಲು, ಕಾಲು ಅಂತ ಕೂಗಿದ್ರು ಪೈಲಟ್. ರಡರ್, ಅಂದ್ರೆ ಮೂತಿ ಎಡ ಬಲ ತಿರುಗಿಸೋ ಕಾಲಿನ ಪೆಡಲ್, ಒತ್ತಿದ ಮೇಲೆ ಗಾಳಿ ಮತ್ತೆ ಮುಖದ ನೇರಕ್ಕೆ ಬಂತು. ವಿಮಾನ ಪಕ್ಕಕ್ಕೆ ಜಾರ್ತಿದೆ ಅಂತ ಹೇಳೋಕೆ ಕೆನ್ನೆಗಿಂತ ಒಳ್ಳೇ ಮೀಟರ್ ಇಲ್ಲ, ಇದನ್ನ ಯಾವ ವಿಡಿಯೋ ನೋಡಿದ್ರೂ ಕಲಿಯೋಕಾಗಲ್ಲ.

ಹಾರ್ವರ್ಡ್ ಬಗ್ಗೆ ಜಾಸ್ತಿ ಬರಿಯಲ್ಲ. ಅದರ ಸದ್ದು ಊರಿಗೆಲ್ಲ ಕೇಳುತ್ತೆ, ಪ್ರೊಪೆಲ್ಲರ್ ತುದಿ ಶಬ್ದದ ವೇಗ ದಾಟೋದ್ರಿಂದ ಆ ಕರ್ಕಶ. 600 ಹಾರ್ಸ್‌ಪವರ್, ಮಡಚೋ ಚಕ್ರ, ಮೈ ಭಾರ. ನೆಲದ ಮೇಲೆ ಸ್ವಲ್ಪ ಮೈಮರೆತ್ರೂ ಗಿರಕಿ ಹೊಡೆಯೋ ಬುದ್ಧಿ ಬೇರೆ. ಇಲ್ಲೂ ನಂಗೆ ಬೈಗುಳ ಬಿದ್ದಿದ್ದು ಕಾಲಿನ ವಿಷಯಕ್ಕೇ.

ಸ್ಪಿಟ್‌ಫೈರ್‌ಗೆ ಗುಡ್‌ವುಡ್ ಆರಿಸ್ಕೊಂಡೆ, ಇಂಗ್ಲೆಂಡ್‌ನ ದಕ್ಷಿಣ ತೀರದ ಚಿಚೆಸ್ಟರ್ ಪಕ್ಕ. ಇದಕ್ಕೊಂದು ಕಾರಣ ಇದೆ. ಯುದ್ಧದ ಸಮಯದಲ್ಲಿ ಆ ಏರ್‌ಫೀಲ್ಡ್ ಹೆಸರು ವೆಸ್ಟ್‌ಹ್ಯಾಂಪ್ನೆಟ್, ಅಲ್ಲಿಂದ ಹಾರಿದ ಸ್ಕ್ವಾಡ್ರನ್‌ಗಳಲ್ಲಿ ಒಂದು 129ನೇದು, ಪೂರ್ತಿ ಹೆಸರು 129 (ಮೈಸೂರು) ಸ್ಕ್ವಾಡ್ರನ್. ಹೌದು, ನಮ್ಮ ಮೈಸೂರೇ. ಮೈಸೂರು ಸಂಸ್ಥಾನ ಯುದ್ಧಕ್ಕೆ ಕೊಟ್ಟ ಹಣದ ನೆನಪಿಗೆ 1941ರಲ್ಲಿ ಆ ಹೆಸರಿಟ್ರು, ಅವರ ಲಾಂಛನದಲ್ಲಿ ಇರೋದು ಗಂಡಭೇರುಂಡ. ಇದನ್ನ ಮೊದಲ ಸಲ ಓದಿದಾಗ ರಾತ್ರಿ ಹನ್ನೊಂದು ಗಂಟೆ, ಮಲಗಿದ್ದವಳನ್ನ ಎಬ್ಬಿಸಿ ತೋರಿಸಿದ್ದೆ. ಆಮೇಲಿಂದ ಅವಳು ದುಡ್ಡಿನ ಮಾತು ಎತ್ತೋದು ಸ್ವಲ್ಪ ಕಮ್ಮಿ ಆಯ್ತು.

ಬುಕ್ ಮಾಡಿದ ದಿನ ಹಾರೋಕಾಗುತ್ತೆ ಅಂತ ನಂಬ್ಕೋಬೇಡಿ. ನನ್ನದು ಎರಡು ಸಲ ಕ್ಯಾನ್ಸಲ್ ಆಯ್ತು, ಒಂದು ಸಲ ಮೋಡ ಕೆಳಗಿತ್ತು, ಇನ್ನೊಂದು ಸಲ ಅಡ್ಡಗಾಳಿ. ಸ್ಪಿಟ್‌ಫೈರ್ ಚಕ್ರಗಳು ಒಂದಕ್ಕೊಂದು ತುಂಬಾ ಹತ್ತಿರ, ಅಡ್ಡಗಾಳಿ ಅಂದ್ರೆ ಅವ್ರು ಹುಷಾರಾಗ್ತಾರೆ. ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರೋ ಹೋಟೆಲೇ ನೋಡ್ಕೊಳ್ಳಿ, ನಾನು ಒಂದು ಸಲ ಕಳ್ಕೊಂಡೆ.

ಹೋದ ತಕ್ಷಣ ತೂಕ, ಆಮೇಲೆ ಸಹಿ. ಈ ವಿಮಾನಗಳು ಹಾರೋದು ಮಾಮೂಲಿ ಪ್ಯಾಸೆಂಜರ್ ವಿಮಾನದ ಸರ್ಟಿಫಿಕೇಟ್ ಮೇಲಲ್ಲ, ಪರ್ಮಿಟ್ ಟು ಫ್ಲೈ ಅಂತ ಬೇರೆ. ಅಷ್ಟು ಸುರಕ್ಷತೆ ಇಲ್ಲ ಅಂತ ಗೊತ್ತಿದ್ದೂ ಹತ್ತುತ್ತಿದ್ದೀನಿ ಅಂತ ನೀವು ಒಪ್ಪಿ ಸಹಿ ಹಾಕ್ಬೇಕು, ಬ್ರಿಟನ್‌ನ ಸಿವಿಲ್ ಏವಿಯೇಷನ್ ಅಥಾರಿಟಿ ನಿಯಮ ಅದು. ಸಹಿ ಹಾಕೋಕೆ ಮುಂಚೆ ನಿಮ್ಮ ಲೈಫ್ ಇನ್ಶೂರೆನ್ಸ್ ಕಾಗದ ಒಂದ್ಸಲ ಓದಿ. ಆಮೇಲೆ ಪ್ಯಾರಾಶೂಟ್ ಕಟ್ಟಿ ಹೊರಗೆ ಹಾರೋದು ಹೇಗೆ ಅಂತ ತೋರಿಸ್ತಾರೆ, ನಗ್ತಾ ನಗ್ತಾ ಹೇಳ್ತಾರೆ, ಆದ್ರೆ ನಿಮ್ಮ ಕೈಯಲ್ಲಿ ಎರಡು ಮೂರು ಸಲ ಮಾಡಿಸ್ದೇ ಬಿಡಲ್ಲ.

ಜೇಬೆಲ್ಲ ಖಾಲಿ ಮಾಡಿಸ್ತಾರೆ, ಪೆನ್ನು, ನಾಣ್ಯ, ಫೋನ್ ಎಲ್ಲ. ಯಾಕೆ ಅಂತ ಒಳಗೆ ಇಳಿದ ಮೇಲೆ ಗೊತ್ತಾಯ್ತು: ಸ್ಪಿಟ್‌ಫೈರ್ ಕಾಕ್‌ಪಿಟ್‌ಗೆ ನೆಲಾನೇ ಇಲ್ಲ! ಹಿಮ್ಮಡಿ ಇಡೋಕೆ ಎರಡು ಪಟ್ಟಿ, ಅದರ ಕೆಳಗೆ ಸೀದಾ ವಿಮಾನದ ಹೊಟ್ಟೆ. ಅಲ್ಲಿ ಏನಾದ್ರೂ ಬಿದ್ರೆ ಕಂಟ್ರೋಲ್ ಕೇಬಲ್‌ಗೆ ಸಿಕ್ಕಾಕೊಳ್ಳಬಹುದು. ಕ್ಯಾಮೆರಾ ಅವರದ್ದೇ ಫಿಟ್ ಆಗಿರುತ್ತೆ, ಫೋನ್ ಆಸೆ ಬಿಟ್ಬಿಡಿ. ಅಗಲ ಎಷ್ಟು ಕಮ್ಮಿ ಅಂದ್ರೆ ಸ್ಟಿಕ್ ಬುಡದಿಂದ ಪಕ್ಕಕ್ಕೆ ವಾಲಲ್ಲ, ವಾಲಿದ್ರೆ ತೊಡೆಗೆ ತಾಗುತ್ತೆ, ಅದಕ್ಕೆ ಮಧ್ಯದಲ್ಲೊಂದು ಕೀಲು ಇಟ್ಟು ಮೇಲಿನ ಭಾಗ ಮಾತ್ರ ವಾಲೋ ಹಾಗೆ ಮಾಡಿದ್ದಾರೆ. ತುದೀಲಿ ಬಳೆ ಥರ ಹಿಡಿ.

ಮರ್ಲಿನ್ ಇಂಜಿನ್ ಸ್ಟಾರ್ಟ್ ಆಗೋದು ನೋಡೋಕೇ ಜನ ಬೇಲಿ ಪಕ್ಕ ನಿಂತಿರ್ತಾರೆ. 27 ಲೀಟರ್, ಹನ್ನೆರಡು ಸಿಲಿಂಡರ್. ಪ್ರೊಪೆಲ್ಲರ್ ಒಂದೆರಡು ಸುತ್ತು ಸೋಮಾರಿ ಥರ ತಿರುಗ್ತು, ಒಂದು ಕೆಮ್ಮು, ಬಿಳಿ ಹೊಗೆ, ಆಮೇಲೆ ಎಲ್ಲ ಸಿಲಿಂಡರ್ ಒಟ್ಟಿಗೆ ಹಿಡ್ಕೊಂಡಾಗ ಸೀಟಿನ ಮೂಲಕ ಬೆನ್ನುಮೂಳೆಗೇ ಬಂತು. ಪೆಟ್ರೋಲ್ ವಾಸನೆ, ಬಿಸಿ ಎಣ್ಣೆ ವಾಸನೆ. ಇಲ್ಲಿಂದ ಪೈಲಟ್‌ಗೆ ಆತುರ, ರೇಡಿಯೇಟರ್ ರೆಕ್ಕೆ ಕೆಳಗಿರೋದ್ರಿಂದ ನೆಲದ ಮೇಲೆ ಗಾಳಿ ಸಾಲಲ್ಲ, ಜಾಸ್ತಿ ಹೊತ್ತು ನಿಂತ್ರೆ ನೀರು ಕುದಿಯುತ್ತೆ. ಆದ್ರೆ ಜೋರಾಗಿ ಓಡಿಸೋಕೂ ಆಗಲ್ಲ, ಉದ್ದ ಮೂತಿ ಅಡ್ಡ ಬಂದು ಮುಂದಿನದ್ದೇನೂ ಕಾಣಿಸಲ್ಲ, ಹಾವಿನ ಥರ ಆಚೆ ಈಚೆ ತಿರುಗಿಸ್ತಾ ಇಣುಕಿ ಇಣುಕಿ ಹೋಗ್ಬೇಕು.

ಹುಲ್ಲಿನ ಮೇಲೆ ಓಟ ಅಂದ್ಕೊಂಡಿದ್ದಕ್ಕಿಂತ ಚಿಕ್ಕದು. ಪವರ್ ಏರಿಸ್ತಿದ್ದ ಹಾಗೆ ಮೂತಿ ಎಡಕ್ಕೆ ಎಳೀತು, ಮುಂದಿನ ಸೀಟಿನಲ್ಲಿ ಅವರ ಬಲಗಾಲು ಒತ್ತಿದ್ದು ನನ್ನ ಪೆಡಲ್‌ನಲ್ಲೂ ಗೊತ್ತಾಯ್ತು. ನೆಲ ಬಿಟ್ಟ ಮೇಲೆ ವಿಮಾನ ಸಣ್ಣಗೆ ಒಂದ್ಸಲ ತಲೆ ಆಡಿಸ್ತು. ಚಕ್ರ ಮಡಚೋ ಲಿವರ್ ಬಲಗಡೆ, ಇಂಜಿನ್ ಪವರ್ ಏರಿಸಿ ಇಳಿಸೋ ಥ್ರಾಟಲ್ ಎಡಗಡೆ, ಹಾಗಾಗಿ ಪೈಲಟ್ ಸ್ಟಿಕ್ ಅನ್ನ ಎಡಗೈಗೆ ಬದಲಾಯಿಸ್ಬೇಕು. ಮೊದಮೊದಲ ಮಾಡೆಲ್‌ಗಳಲ್ಲಿ ಚಕ್ರ ಎತ್ತೋಕೆ ಕೈಯಲ್ಲೇ ಪಂಪ್ ಹೊಡೀಬೇಕಿತ್ತು, ಬಲಗೈ ಹೊಡೆದ ಹಾಗೆಲ್ಲ ಎಡಗೈಯೂ ಅಲ್ಲಾಡಿ ವಿಮಾನ ಕುಣೀತಿತ್ತಂತೆ, ಹೊಸಬ ಹೊರಟ ಅಂತ ಕೆಳಗಿದ್ದವರಿಗೆ ಗೊತ್ತಾಗ್ತಿತ್ತು.

ಸಮುದ್ರದ ಮೇಲೆ, ಐಲ್ ಆಫ್ ವೈಟ್ ಕಡೆ ತಿರುಗಿ, ಈಗ ನಿಮ್ಮ ಕೈಗೆ ಅಂದ್ರು. ಬಲಗಡೆ ದೂರದಲ್ಲಿ ಸೌತಾಂಪ್ಟನ್, 1936ರ ಮಾರ್ಚ್ 5ಕ್ಕೆ ಇದರ ಮೊದಲ ಮಾದರಿ ಹಾರಿದ್ದು ಅಲ್ಲಿಯ ಈಸ್ಟ್‌ಲೀ ಏರ್‌ಫೀಲ್ಡ್‌ನಿಂದ. ಡಿಸೈನ್ ಮಾಡಿದ ಆರ್. ಜೆ. ಮಿಚೆಲ್ ಮರುವರ್ಷವೇ ಕ್ಯಾನ್ಸರ್‌ನಿಂದ ಹೋದ್ರು, 42 ವರ್ಷ ಅಷ್ಟೇ, ಇದು ಯುದ್ಧ ಮಾಡಿದ್ದನ್ನ ನೋಡ್ಲೇ ಇಲ್ಲ. ಇಷ್ಟೆಲ್ಲ ಆಮೇಲೆ ನೆನಪಾಗಿದ್ದು, ಆ ಹೊತ್ತಲ್ಲಿ ತಲೇಲಿ ಇದ್ದಿದ್ದು ಬರೀ ಎರಡು ಬೆರಳು. ಯಾಕಂದ್ರೆ ಹಾರ್ವರ್ಡ್ ಥರ ಹಿಡ್ಕೊಂಡು ಎಳೆದ್ನೋ ಇಲ್ವೋ ಮೈ ಸೀಟಿಗೆ ಅಂಟ್ಕೊಳ್ತು, ಕೆನ್ನೆ ಕೆಳಗೆ ಜೋತುಬಿತ್ತು. ಎತ್ತೋದು ಇಳಿಸೋದು ಅಷ್ಟು ಹಗುರ, ಹೆಬ್ಬೆರಳು ತೋರುಬೆರಳು ಸಾಕು. ಪಕ್ಕಕ್ಕೆ ವಾಲಿಸೋಕೆ ಮಾತ್ರ ಸ್ವಲ್ಪ ಜೋರು ಬೇಕು, ವೇಗ ಏರಿದಷ್ಟೂ ಅದು ಗಟ್ಟಿ ಆಗ್ತಾ ಹೋಗುತ್ತೆ. ಒಂದು ದಿಕ್ಕಿಗೆ ಬೆಣ್ಣೆ, ಇನ್ನೊಂದು ದಿಕ್ಕಿಗೆ ಹಸಿ ಹಿಟ್ಟು.

ತಿರುಗಿಸೋವಾಗ ಕಾಲಿಗೆ ಕೆಲಸಾನೇ ಇಲ್ವಲ್ಲ ಅಂತ ಖುಷಿಯಾಗಿ ಮೂತಿ ಸ್ವಲ್ಪ ಕೆಳಗೆ ಬಿಟ್ಟೆ, ವೇಗ ಏರ್ತು, ವಿಮಾನ ಪಕ್ಕಕ್ಕೆ ಜಾರೋದನ್ನ ತೋರಿಸೋ ಮುಳ್ಳು ಮೆಲ್ಲಗೆ ಪಕ್ಕಕ್ಕೆ ಹೋಯ್ತು, ನಾನು ನೋಡ್ಲೇ ಇಲ್ಲ. ಮುಚ್ಚಿದ ಕಾಕ್‌ಪಿಟ್, ಕೆನ್ನೆಗೆ ಗಾಳಿ ಇಲ್ಲ, ಹೇಳೋರು ಯಾರು. ಇಯರ್‌ಫೋನ್‌ನಲ್ಲಿ ಬಂತು ಅದೇ ಮಾತು: ಕಾಲು. ಮೂರು ವಿಮಾನ, ಮೂರು ಪೈಲಟ್, ಒಂದೇ ಬೈಗುಳ. ಸ್ಪಿಟ್‌ಫೈರ್ ವೇಗ ಅಥವಾ ಪವರ್ ಬದಲಾದಾಗೆಲ್ಲ ಮೂತಿ ಪಕ್ಕಕ್ಕೆ ಎಳೆಯುತ್ತೆ, ಅದನ್ನ ಕಾಲಲ್ಲೇ ಸರಿ ಮಾಡ್ಬೇಕು. ಆದ್ರೆ ಈ ಸಲ ಏನು ಮಾಡ್ಬೇಕು ಅಂತ ಯಾರೂ ಬಿಡಿಸಿ ಹೇಳ್ಬೇಕಾಗ್ಲಿಲ್ಲ, ಕಾಲು ತಾನೇ ಒತ್ತಿತು, ಮುಳ್ಳು ಮಧ್ಯಕ್ಕೆ ಬಂತು. ಮೆಟ್ಟಿಲಿಗೆ ಹಾಕಿದ ದುಡ್ಡು ಅಲ್ಲಿ ವಸೂಲಿ. ಟೈಗರ್ ಮಾತ್ ಹತ್ತದೆ ಬಂದಿದ್ರೆ ನಾನು ಅರ್ಧ ಗಂಟೆ ಬರೀ ಕಿಟಕಿ ಆಚೆ ನೋಡ್ತಾ ಇರ್ತಿದ್ದೆ, ಅದೂ ತಪ್ಪಲ್ಲ, ರೆಕ್ಕೆ ಆಕಾರ ನೋಡೋಕೇ ಮೂರು ಸಾವಿರ ಕೊಡಬಹುದು ಬಿಡಿ.

ಕೊನೇಲಿ ಅವರು ಒಂದು ರೋಲ್ ಮಾಡಿದ್ರು. ಸಮುದ್ರ ತಲೆ ಮೇಲೆ ಬಂದು ಹೋಯ್ತು, ಹೊಟ್ಟೆಗೆ ಏನೂ ಗೊತ್ತಾಗ್ಲಿಲ್ಲ, ಬೆಳಿಗ್ಗೆ ಕಮ್ಮಿ ತಿಂದಿದ್ದೂ ಒಳ್ಳೇದಾಯ್ತು. ಇಳಿಯೋವಾಗ ನೇರ ಬರಲ್ಲ, ಮೂತಿ ಅಡ್ಡ ಬರುತ್ತಲ್ಲ, ರನ್‌ವೇ ಕಣ್ಣಿಗೆ ಬೀಳ್ತಾ ಇರ್ಲಿ ಅಂತ ಕೊನೇ ಕ್ಷಣದವರೆಗೂ ಬಿಲ್ಲಿನ ಥರ ಬಾಗಿ ಬರ್ತಾರೆ. ವೇಗ ತಗ್ಗಿಸೋಕೆ ರೆಕ್ಕೆಯಿಂದ ಕೆಳಗಿಳಿಸೋ ಫ್ಲಾಪ್‌ಗೆ ಎರಡೇ ಸ್ಥಿತಿ, ಒಂದೋ ಮೇಲೆ ಇಲ್ಲ ಪೂರ್ತಿ ಕೆಳಗೆ, ಬಿಟ್ಟಾಗ ಯಾರೋ ಬಾಲ ಹಿಡಿದು ಎಳೆದ ಹಾಗಾಯ್ತು.

ನನ್ನ ಹತ್ರ ಒಂದು ನೋಟ್‌ಬುಕ್ ಇದೆ, ಲಾಗ್‌ಬುಕ್ ಥರ ಗೆರೆ ಹಾಕಿಟ್ಟಿದ್ದು. ಮೂರೇ ಸಾಲು. ಸ್ಪಿಟ್‌ಫೈರ್ ಸಾಲಿನ ಮುಂದೆ ಪೈಲಟ್‌ಗೆ ಏನಾದ್ರೂ ಬರೀರಿ ಅಂತ ಕೊಟ್ಟೆ. ಮೇಲಿನ ಎರಡು ಸಾಲು ಓದಿ ನಕ್ಕರು, ಅವೇ ಅಕ್ಷರ ಬರೆಯೋ ಬದ್ಲು ಹಿಂದಿನವರು ಬರೆದಿದ್ದ "ಕಾಲು" ಅನ್ನೋದರ ಕೆಳಗೆ ಡಿಟ್ಟೊ ಗುರುತು ಹಾಕಿ ಸಹಿ ಮಾಡಿಕೊಟ್ರು.